ನಮ್ಮನ್ನ 'ಗಟ್ಟಿ ಜನ' ಅನ್ನೋದು ಮೊದಲು ನಿಲ್ಲಿಸಿ



ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

"ನಿಮ್ಮ ಜನಕ್ಕೆ ಬಿಡಿ, ಏನೂ ಆಗಲ್ಲ. ಗಟ್ಟಿ ಜೀವ." ಕೊರೋನಾ ಇದ್ದ ಆ ಎರಡು ವರ್ಷ ಕೊಡಗಿನ ತೋಟಗಳಲ್ಲಿ, ರೇಷನ್ ಅಂಗಡಿ ಮುಂದೆ, ಸಭೆಗಳಲ್ಲಿ, ಒಮ್ಮೊಮ್ಮೆ ನಮ್ಮದೇ ವೇದಿಕೆ ಮೇಲೆ ಈ ಮಾತು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಕೇಳೋಕೆ ಹೊಗಳಿಕೆ ಥರ ಇರುತ್ತೆ. ಆದ್ರೆ ಈ ಮಾತು ಏನೇನು ಕೆಲಸ ಮಾಡುತ್ತೆ ನೋಡಿ. ಗಟ್ಟಿ ಜನಕ್ಕೆ ರಜೆ ಬೇಡ. ಗಟ್ಟಿ ಜನಕ್ಕೆ ಡಾಕ್ಟರ್ ಬೇಡ. ಗಟ್ಟಿ ಜನಕ್ಕೆ ಸತ್ತೋರಿಗಾಗಿ ಅಳೋಕೂ ಟೈಮ್ ಕೊಡಬೇಕಿಲ್ಲ. ಎತ್ತು ಗಟ್ಟಿಯಾಗಿದೆ ಅಂತ ಹೊಗಳೋನು ಅದರ ನೊಗ ಇಳಿಸೋಕೆ ಹೊಗಳಲ್ಲ, ಇನ್ನೊಂದು ಮೂಟೆ ಹೇರೋಕೆ ಹೊಗಳ್ತಾನೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗೀತು ಅಂತ ಘೋಷಿಸಿತು. ಎಲ್ಲರೂ ಮಾಸ್ಕ್ ಬಿಸಾಕಿದ್ರು. ಲೈನ್ ಮನೆಗಳಲ್ಲಿ ಮಾತ್ರ ಅದು ಇನ್ನೂ ಪೂರ್ತಿ ಮುಗಿದಿಲ್ಲ. ಅಲ್ಲಿ ನಿದ್ದೆ ಹೋದೋರಿಗೆ ನಿದ್ದೆ ವಾಪಸ್ ಬಂದಿಲ್ಲ. ಅದಕ್ಕೇ ಈಗ ಬರೀತಿದ್ದೀನಿ.

ಹೊರಗಿನೋರಿಗೆ ಕೊಡಗು ಅಂದ್ರೆ ಮಂಜು, ಕಾಫಿ, ಹೋಂಸ್ಟೇ. ಒಳಗೆ ಇರೋ ಯರವರು, ಜೇನುಕುರುಬರು, ಕೆಂಬಟ್ಟಿ ಜನ, ಹೊಲೆಯರು, ಮೇದರು, ತಮಿಳುನಾಡು ಕಡೆಯಿಂದ ತಲೆಮಾರುಗಳ ಹಿಂದೆ ಬಂದ ಕೂಲಿಕಾರರು, ಈಚೆಗೆ ಬಂದ ಅಸ್ಸಾಮಿನ ಹುಡುಗರು – ಇವರೆಲ್ಲ ಫೋಟೋದಲ್ಲಿ ಬರಲ್ಲ. ಲೈನ್ ಮನೆ ನೋಡದೇ ಇರೋರಿಗೆ ಹೇಳ್ತೀನಿ: ತೋಟದೊಳಗೆ ಒಂದೇ ಸಾಲಿನಲ್ಲಿ ಅಂಟಿಕೊಂಡಿರೋ ಮನೆಗಳು. ಒಂದು ಗೋಡೆ ಎರಡು ಮನೆಗೆ. ಎಷ್ಟೋ ಕಡೆ ಒಂದು ನಲ್ಲಿ ಇಡೀ ಲೈನಿಗೆ. ಒಂದು ಕೋಣೆ, ಒಂದು ಒಲೆ, ಐದಾರು ಜನ. ದೊಡ್ಡ ತೋಟಗಳಲ್ಲಿ ಕೂಲಿಕಾರರಿಗೆ ವಸತಿ ಕೊಡಬೇಕು ಅಂತ 1951ರಲ್ಲೇ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ಆದ್ರೆ ಆ ಮನೆ ಯಾವತ್ತೂ ನಮ್ಮದಾಗಲಿಲ್ಲ. ಕೆಲಸ ಬಿಟ್ಟ ದಿನ ಮನೆನೂ ಬಿಡಬೇಕು. ಈ ಒಂದು ವಿಷಯ ನೆನಪಲ್ಲಿ ಇಟ್ಕೊಳ್ಳಿ, ಮುಂದಿನ ಎಲ್ಲದಕ್ಕೂ ಇದೇ ಬೇರು.

ಇನ್ನೊಂದು ವಿಷಯ. ಕೊರೋನಾ ಬರೋ ಹೊತ್ತಿಗೆ ನಮ್ಮ ಜಿಲ್ಲೆ ಆಗಲೇ ಸುಸ್ತಾಗಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿತು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ ಜಾರಿತು. ಕೊರೋನಾ ಮಧ್ಯೆಯೇ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸೀತು. ಮೂರು ವರ್ಷ, ಮೂರು ಆಗಸ್ಟ್. ರಾತ್ರಿ ಜೋರು ಮಳೆ ಶುರುವಾದ್ರೆ ಎದ್ದು ಕೂತು ಬೆಳಗು ಮಾಡೋ ಹೆಂಗಸರು ನಮ್ಮ ಲೈನುಗಳಲ್ಲಿ ಇದ್ದಾರೆ. ಅದಕ್ಕೆ ಯಾರೂ ಕಾಯಿಲೆ ಅಂತ ಹೆಸರಿಡಲಿಲ್ಲ. "ಮಳೆಗೆ ಹೆದರ್ತಾಳೆ" ಅಂದ್ರು ಅಷ್ಟೇ.

2020ರ ಮಾರ್ಚ್ 19ರಂದು ಜಿಲ್ಲೆಯ ಮೊದಲ ಕೊರೋನಾ ಕೇಸ್ ಬಂತು. 24ರ ಮಧ್ಯರಾತ್ರಿಯಿಂದ ಇಡೀ ದೇಶ ಬಂದ್. ಆಗ ಇಲ್ಲಿ ರೊಬಸ್ಟಾ ಕುಯ್ಲು ಮುಗಿಯುತ್ತಾ ಇತ್ತು, ಮೆಣಸು ಕುಯ್ಯೋ ಸಮಯ. ಅಂದ್ರೆ ವರ್ಷದಲ್ಲಿ ನಾಲ್ಕು ಕಾಸು ಕೈಗೆ ಬರೋ ತಿಂಗಳುಗಳು. ಮಳೆಗಾಲಕ್ಕೆ ಅಂತ ಎತ್ತಿಡೋದು ಆಗಲೇ. ಆ ವರ್ಷ ಎತ್ತಿಡೋದು ಹಾಗಿರಲಿ, ಮುಂಗಡ ತಗೊಂಡಿದ್ದು ತೀರಲಿಲ್ಲ.

ಹಸಿವಿನ ವಿಷಯ ಎಲ್ಲರೂ ಬರೆದ್ರು. ಕಿಟ್ ಹಂಚಿದ ಫೋಟೋ ಎಲ್ಲರೂ ಹಾಕಿದ್ರು. ನಾನು ಹೇಳೋಕೆ ಹೊರಟಿರೋದು ಸಂತೆಯ ಬಗ್ಗೆ.

ಸಿದ್ದಾಪುರದಲ್ಲಿ ಭಾನುವಾರ ಸಂತೆ, ಮಡಿಕೇರಿಯಲ್ಲಿ ಶುಕ್ರವಾರ. ಶನಿವಾರ ಬಟವಾಡೆ ಆದ ತೋಟದ ಜನಕ್ಕೆ ಭಾನುವಾರದ ಸಂತೆ ಅಂದ್ರೆ ಬರೀ ಒಣಮೀನು, ಉಪ್ಪು, ಮೆಣಸಿನಕಾಯಿ ಅಲ್ಲ. ಬೇರೆ ತೋಟದಲ್ಲಿರೋ ಅಕ್ಕ ಸಿಗೋದು ಅಲ್ಲಿ. ಮದುವೆ ಮಾತು ಆಗೋದು ಅಲ್ಲಿ. "ಯಾಕೆ ಮುಖ ಬಾಡಿದೆ?" ಅಂತ ಒಬ್ಬರು ಇನ್ನೊಬ್ಬರನ್ನ ಕೇಳೋದೂ ಅಲ್ಲೇ. ಆರು ದಿನ ಮೇಸ್ತ್ರಿ, ರೈಟರ್ ಕೂಗಿಗೆ ತಲೆ ತಗ್ಗಿಸಿದ ಜನ ಏಳನೇ ದಿನ ತಲೆ ಎತ್ತಿ, ಕೈಬಳೆ ಚೌಕಾಸಿ ಮಾಡಿ, ಜೋರಾಗಿ ನಗೋ ಜಾಗ ಅದು. ಪಟ್ಟಣದೋರಿಗೆ ಕೌನ್ಸೆಲಿಂಗ್ ಅಂತ ಏನಿದೆಯೋ ನಮಗೆ ಅದು ಸಂತೆಯಲ್ಲಿ ಇತ್ತು. ಸಂತೆ ನಿಂತಿತು. ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದ್ರು. ಕುಟ್ಟದ ಆಚೆ ವಯನಾಡಿನಲ್ಲಿ ಮಗಳನ್ನ ಕೊಟ್ಟಿದ್ದ ಯರವ ತಾಯಂದಿರಿಗೆ ಮಗಳು ಬದುಕಿದ್ದಾಳಾ ಅಂತ ಗೊತ್ತಾಗೋಕೆ ಇನ್ನೊಬ್ಬರ ಫೋನಿಗೆ ಕಾಯಬೇಕಾಯ್ತು.

ಆ ಹೊತ್ತಲ್ಲೇ ಗೋಡೆ ಗೋಡೆಗೂ ಒಂದು ಪದ ಬಂತು: 'ಸಾಮಾಜಿಕ ಅಂತರ'. ಬಂಧುಗಳೇ, ಕಾಯಿಲೆ ತಡೆಯೋಕೆ ಬೇಕಾಗಿದ್ದು ಮೈಗೂ ಮೈಗೂ ನಡುವಿನ ಅಂತರ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 20ರಂದೇ 'ದೈಹಿಕ ಅಂತರ' ಅನ್ನಿ, ಜನ ಒಬ್ಬರಿಗೊಬ್ಬರು ಸಂಪರ್ಕದಲ್ಲೇ ಇರಬೇಕು ಅಂತ ಹೇಳಿತ್ತು. ಇಲ್ಲಿ ಮಾತ್ರ ಸಾಮಾಜಿಕ ಅಂತರವೇ ನಡೀತು. ಯಾಕಂದ್ರೆ ಅದು ಇಲ್ಲಿ ಹೊಸದಲ್ಲ, ಬಾಯಲ್ಲಿ ಸಲೀಸಾಗಿ ಕೂತುಬಿಡ್ತು. ಬೇರೆ ಲೋಟ, ಅಂಗಳದಾಚೆ ನಿಲ್ಲೋದು, ಮೇಲಿಂದ ಕೈಗೆ ಹಾಕೋ ಕಾಸು – ಇದನ್ನೆಲ್ಲ ಬಿಡಿಸೋಕೆ ನಮ್ಮ ಹಿರಿಯರು ಜೀವ ತೇಯ್ದಿದ್ದಾರೆ. ಬಿಟ್ಟ ಕಡೆ ಕೂಡ ಆ ಎರಡು ವರ್ಷ ವಾಪಸ್ ಬಂತು, ಈ ಸಲ ಆರೋಗ್ಯದ ಹೆಸರಲ್ಲಿ. ಕೈಗೆ ಕ್ವಾರಂಟೈನ್ ಮುದ್ರೆ, ಬಾಗಿಲಿಗೆ ನೋಟಿಸು. ಬಾಗಿಲಿಗೆ ಹಾಗೆ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳೋ ಹೊತ್ತಿಗೆ ಅಂಟಿಸೋದೆಲ್ಲ ಅಂಟಿಸಿ ಆಗಿತ್ತು. ಗುರುತು ಹಾಕಿ ದೂರ ನಿಲ್ಲಿಸೋದು ಮನಸ್ಸಿಗೆ ಏನು ಮಾಡುತ್ತೆ ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಆಗ ಮುಸ್ಲಿಂ ಬಂಧುಗಳಿಗೂ ಅದೇ ಆಯ್ತು, ನೆನಪಿರಲಿ.

ಈಗ ಒಂದು ಕಷ್ಟದ ವಿಷಯ. ಕುಡಿತ.

2020ರ ಮಾರ್ಚ್ ಕೊನೆಗೆ ಮುಚ್ಚಿದ ಮದ್ಯದಂಗಡಿ ಮತ್ತೆ ತೆರೆದಿದ್ದು ಮೇ 4ಕ್ಕೆ. "ಒಳ್ಳೇದಾಯ್ತು, ಈಗಲಾದ್ರೂ ಬಿಡ್ತಾರೆ" ಅಂದೋರು ತುಂಬಾ ಜನ. ನಮ್ಮ ಲೈನಿನಲ್ಲಿ ಒಬ್ಬ ಅಣ್ಣ ಇದ್ದ. ಇಪ್ಪತ್ತು ವರ್ಷದಿಂದ ದಿನಾ ಕುಡೀತಿದ್ದ. ಆ ಚಟ ಅವನು ತಾನಾಗೇ ಹುಡುಕಿಕೊಂಡು ಹೋಗಿದ್ದಲ್ಲ. ಅವನು ಹುಡುಗ ಆಗಿದ್ದಾಗ ಕೆಲಸ ಮಾಡ್ತಿದ್ದ ಒಂದು ತೋಟದಲ್ಲಿ ಸಂಜೆ ಕೂಲಿ ಜೊತೆ ಸಾರಾಯಿನೂ ಕೊಡ್ತಿದ್ರು, ಆಮೇಲೆ ಅದನ್ನ ಸಾಲದ ಲೆಕ್ಕಕ್ಕೆ ಬರೀತಿದ್ರು. ಲಾಕ್‌ಡೌನ್ ಆಗಿ ಮೊದಲ ದಿನ ಕೈ ನಡುಗಿತು. ಮೂರನೇ ದಿನ ಗೋಡೆ ಮೇಲೆ ಇರುವೆ ಹರೀತಿದೆ ಅಂತ ಒರೆಸೋಕೆ ಶುರು ಮಾಡಿದ. ಸತ್ತುಹೋದ ಅಪ್ಪನ ಜೊತೆ ಮಾತಾಡ್ತಿದ್ದ. ಗಾಳಿ ಸೋಕಿದೆ ಅಂದ್ರು ಕೆಲವರು, ನಾಟಕ ಅಂದ್ರು ಕೆಲವರು.

ದಯವಿಟ್ಟು ಇದನ್ನ ತಿಳ್ಕೊಳ್ಳಿ. ವರ್ಷಗಟ್ಟಲೆ ದಿನಾ ಕುಡಿದೋರು ಒಮ್ಮೆಲೇ ನಿಲ್ಲಿಸಿದ್ರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಹೀಗೆ ಭ್ರಮೆ ಬರಬಹುದು. ಚಿಕಿತ್ಸೆ ಇಲ್ಲದಿದ್ರೆ ಜೀವ ಹೋಗುತ್ತೆ. ಅದು ಆಸ್ಪತ್ರೆಗೆ ಒಯ್ಯಬೇಕಾದ ತುರ್ತು. ಪಕ್ಕದ ತೋಟದ ಜೀಪ್ ಡ್ರೈವರ್ ಒಬ್ಬ ಧೈರ್ಯ ಮಾಡಿ, ದಾರಿಯಲ್ಲಿ ಎರಡು ಕಡೆ ಪೊಲೀಸರಿಗೆ ಕೈಮುಗಿದು, ಆ ಅಣ್ಣನ್ನ ಆಸ್ಪತ್ರೆಗೆ ಮುಟ್ಟಿಸಿದ. ಡ್ರಿಪ್ ಹಾಕಿದ್ರು, ವಿಟಮಿನ್ ಇಂಜೆಕ್ಷನ್ ಕೊಟ್ರು, ಮಲಗೋಕೆ ಔಷಧಿ ಕೊಟ್ರು. ವಾರದಲ್ಲಿ ಎದ್ದು ಕೂತ. ಆಮೇಲೆ ಎಲ್ಲರೂ "ಏನು ಗಟ್ಟಿ ಮನುಷ್ಯ ಮಾರಾಯ್ರೆ!" ಅಂದ್ರು. ಅವನು ಉಳಿದಿದ್ದು ಗಟ್ಟಿ ಇದ್ದ ಅಂತಲ್ಲ ಸ್ವಾಮಿ, ಜೀಪ್ ಇತ್ತು ಅಂತ. ಆ ತಿಂಗಳು ಕರ್ನಾಟಕ, ಕೇರಳದಲ್ಲಿ ಮದ್ಯ ಸಿಗದೆ ಜೀವ ಕಳ್ಕೊಂಡೋರ ಸುದ್ದಿ ಪೇಪರಿನಲ್ಲಿ ಸಾಲು ಸಾಲು ಬರ್ತಿತ್ತು. ಅವರೇನು ಮೆತ್ತಗಿನ ಜನ ಆಗಿದ್ರಾ?

ಇನ್ನು ನಮ್ಮ ಚಿಕ್ಕವ್ವನ ವಿಷಯ. ಬರೀಲಾ ಅಂತ ಕೇಳ್ದೆ. "ಬರಿ ಮಗ, ಹೆಸರು ಹಾಕಬೇಡ" ಅಂದ್ಲು.

2021ರ ಮೇ ತಿಂಗಳು, ಎರಡನೇ ಅಲೆ. ಚಿಕ್ಕಪ್ಪನಿಗೆ ಜ್ವರ, ಆಮೇಲೆ ಉಸಿರು. ಆಂಬುಲೆನ್ಸ್ ಹತ್ತಿಸಿದ್ದೇ ಕೊನೆ, ಚಿಕ್ಕವ್ವ ಅವನ ಮುಖ ಮತ್ತೆ ನೋಡಲಿಲ್ಲ. ನಮ್ಮಲ್ಲಿ ಸಾವು ಒಬ್ಬರ ಸಾವಲ್ಲ. ತಮಟೆ ಬಡೀಬೇಕು, ಇಡೀ ಕೇರಿ ಬರಬೇಕು, ಹೆಂಗಸರು ಸತ್ತೋನ ಗುಣ ಅವಗುಣ ಎರಡನ್ನೂ ಹಾಡಿ ಹಾಡಿ ಅಳಬೇಕು. ಮೂರನೇ ದಿನ ಹಾಲು ತುಪ್ಪ, ಆಮೇಲೆ ತಿಥಿ. ಇದರಲ್ಲಿ ಒಂದೂ ಆಗಲಿಲ್ಲ. ಪ್ಲಾಸ್ಟಿಕ್ ಸುತ್ತಿದ ಮೈಯನ್ನ ಪಿಪಿಇ ಹಾಕಿದ ನಾಲ್ಕು ಹುಡುಗರು ಮಣ್ಣು ಮಾಡಿದ್ರು. ಆ ಹುಡುಗರಿಗೆ ನಾನು ಸಾಯೋವರೆಗೂ ಋಣಿ. ಆದ್ರೆ ಅಳೋದು ಚಿಕ್ಕವ್ವನ ಒಳಗೇ ಉಳೀತು.

ಕ್ವಾರಂಟೈನ್ ಮುಗಿದ ಮಾರನೇ ದಿನ ಅವಳು ಗೊಬ್ಬರ ಹಾಕೋಕೆ ತೋಟಕ್ಕೆ ಇಳಿದಳು. ಇಳೀಲೇಬೇಕಿತ್ತು. ಲೈನ್ ಮನೆ ಇದ್ದಿದ್ದು ಚಿಕ್ಕಪ್ಪನ ಹೆಸರಿನ ಕೆಲಸದ ಮೇಲೆ. ಅವಳೂ ಕೆಲಸಕ್ಕೆ ಬರಲ್ಲ ಅಂದ್ರೆ ಮನೆ ಇನ್ಯಾರಿಗೋ. ಸಾವ್ಕಾರ್ರು ಬೇರೆ ಹೆಂಗಸರಿಗೆ ಅವಳನ್ನ ತೋರಿಸಿ, "ನೋಡಿ, ಗಂಡ ಹೋದ್ರೂ ಎಷ್ಟು ಗಟ್ಟಿಯಾಗಿದ್ದಾಳೆ" ಅಂದ್ರಂತೆ.

ಆ ಗಟ್ಟಿ ಹೆಂಗಸು ಆರು ತಿಂಗಳು ರಾತ್ರಿ ನಿದ್ದೆ ಮಾಡಲಿಲ್ಲ. ನಾಲ್ಕು ತುತ್ತು ಊಟ ಸೇರ್ತಿರಲಿಲ್ಲ. ತಲೆ ಭಾರ, ಎದೆ ಉರಿ, ಕೈಕಾಲು ಸೆಳೆತ ಅಂತ ಮೂರು ಕಡೆ ತೋರಿಸಿದ್ದಾಯ್ತು. ಎಲ್ಲರೂ ವೀಕ್‌ನೆಸ್ ಅಂದ್ರು, ಟಾನಿಕ್ ಬರೆದ್ರು. 'ಖಿನ್ನತೆ' ಅನ್ನೋ ಪದ ನಮ್ಮ ಬಾಯಲ್ಲಿ ಇಲ್ಲ. "ಬೇಜಾರು" ಅಂತೀವಿ, "ಏನೋ ಒಂಥರಾ" ಅಂತೀವಿ. ಜಾಸ್ತಿಯಾದ್ರೆ ಮೈಯ ಭಾಷೇಲಿ ಹೇಳ್ತೀವಿ. ಕೊನೆಗೆ ಒಂದು ಸಂಜೆ ಅವಳು, "ಮಗ, ಮಲಗಿದೋಳು ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ" ಅಂದಾಗ ನಮ್ಮೂರ ಆಶಾ ಅಕ್ಕ ಪಕ್ಕದಲ್ಲೇ ಕೂತಿದ್ಲು. ಅವಳು ಬಯ್ಯಲಿಲ್ಲ, ದೇವರ ಹೆಸರು ಹೇಳಲಿಲ್ಲ. "ಹಂಗೆ ದಿನಾ ಅನ್ಸುತ್ತಾ ಅಕ್ಕಾ? ಸಾಯಬೇಕು ಅಂತ ಏನಾದ್ರೂ ಮನಸ್ಸಲ್ಲಿ ಮಾಡ್ಕೊಂಡಿದೀಯಾ?" ಅಂತ ನೇರವಾಗಿ ಕೇಳಿದ್ಲು. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಜನ ಹೆದರ್ತಾರೆ. ಹಾಗಾಗಲ್ಲ. ಕೇಳಿದ್ರೆ ಬಾಗಿಲು ತೆಗೆಯುತ್ತೆ. ಚಿಕ್ಕವ್ವ ಅವತ್ತು ರಾತ್ರಿ ಹತ್ತರವರೆಗೆ ಅತ್ತಳು. ಆ ರಾತ್ರಿ ಅವಳನ್ನ ಒಬ್ಬಳೇ ಬಿಡಲಿಲ್ಲ. ಆ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ.

ಮನೋವೈದ್ಯರು ಮಾತ್ರೆ ಕೊಟ್ರು. ಕೆಲಸ ಮಾಡೋಕೆ ಎರಡು ಮೂರು ವಾರ ಬೇಕು, ಹುಷಾರಾಯ್ತು ಅಂತ ಮಧ್ಯ ಬಿಡಬಾರದು, ತಿಂಗಳುಗಟ್ಟಲೆ ತಗೋಬೇಕು ಅಂತ ಬಿಡಿಸಿ ಹೇಳಿದ್ರು. ತಿಂಗಳಾದ ಮೇಲೆ ನಿದ್ದೆ ಬಂತು. ಇನ್ನೊಂದು ತಿಂಗಳಿಗೆ, ಸಾರಿಗೆ ಉಪ್ಪು ಜಾಸ್ತಿ ಅಂತ ನನ್ನ ಬಯ್ದಳು. ಅವತ್ತು ಮನೇಲಿ ಎಲ್ಲರೂ ನಕ್ಕಿದ್ವಿ.

ಈಗ ಲೆಕ್ಕಕ್ಕೆ ಬನ್ನಿ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡ್ಕೊಂಡೋರು 1,64,033 ಮಂದಿ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತೆ. ಅದರಲ್ಲಿ ದಿನಗೂಲಿ ಮಾಡೋರು 42,004. ನಾಲ್ವರಲ್ಲಿ ಒಬ್ಬರು. ಕೊರೋನಾ ಮುಂಚೆ, 2019ರಲ್ಲಿ ಈ ಸಂಖ್ಯೆ 32,563 ಇತ್ತು. ಎರಡೇ ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಮೇಲೆ ಏರಿತು. ಇವರು ಯಾವ ಜಾತಿಯೋರು ಅಂತ ಆ ವರದಿ ಹೇಳಲ್ಲ. ದಿನಗೂಲಿ ಮಾಡೋರು ಯಾರು ಅಂತ ನಮಗೆ ವರದಿ ಬೇಕಾಗಿಲ್ಲ. ಇವರೇ ಅಲ್ವಾ ನಿಮ್ಮ 'ಗಟ್ಟಿ ಜನ'?

ವ್ಯವಸ್ಥೆಯೇ ಇಲ್ಲ ಅಂತಲೂ ನಾನು ಹೇಳಲ್ಲ. ದೇಶಕ್ಕೇ ದಾರಿ ತೋರಿಸಿದ್ದು ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್‌ನೋರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದ್ರು. ಅದೇ ಮಾದರಿ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಅಂತ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಯೋಜನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯೋದು ಪ್ರತಿಯೊಬ್ಬರ ಹಕ್ಕು ಅನ್ನುತ್ತೆ. ಇಷ್ಟಿದ್ದೂ ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಮನಸ್ಸಿನ ಕಾಯಿಲೆ ಇರೋರಲ್ಲಿ ಚಿಕಿತ್ಸೆ ಸಿಗದೇ ಇರೋರು ಕಾಯಿಲೆಗೆ ತಕ್ಕ ಹಾಗೆ ನೂರಕ್ಕೆ 70ರಿಂದ 92.

ಯಾಕೆ? ನಮ್ಮ ಚಿಕ್ಕವ್ವನ ಮಂಗಳವಾರ ನೋಡಿ, ಗೊತ್ತಾಗುತ್ತೆ. ಮಂಗಳವಾರ ತೋಟದ ಕೆಲಸದ ದಿನ. ಹೋದ್ರೆ ಒಂದು ದಿನದ ಕೂಲಿ ಇಲ್ಲ. ಲೈನಿನಿಂದ ಮುಖ್ಯರಸ್ತೆಗೆ ನಡೀಬೇಕು, ಬೆಳಿಗ್ಗೆ ಸಂಜೆ ಆನೆ ಭಯ. ಬಸ್ ಚಾರ್ಜು ಬೇರೆ. ಜೊತೆಗೆ ಬರೋರ ಕೂಲಿನೂ ಹೋಯ್ತು. ಯಾಕೆ ರಜೆ ಅಂತ ರೈಟರ್ ಕೇಳಿದ್ರೆ ಏನು ಹೇಳೋದು? "ತಲೆ ಡಾಕ್ಟರ್ ಹತ್ರ" ಅಂದ್ರೆ ಮಾರನೇ ದಿನಕ್ಕೆ ಅವಳು ಹುಚ್ಚಿ. ಮಾತ್ರೆ ಉಚಿತ, ಮಂಗಳವಾರ ದುಬಾರಿ. ತುಂಬಾ ಜನ ಮಾತ್ರೆ ನಿಲ್ಲಿಸೋದು ಹೀಗೆ.

ಪರಿಹಾರದ ಕಥೆನೂ ಅಷ್ಟೇ. ದುಡಿಯೋರನ್ನ ಕೋವಿಡ್‌ನಲ್ಲಿ ಕಳ್ಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ಅಂತ 2021ರ ಜೂನ್‌ನಲ್ಲಿ ಸರ್ಕಾರ ಘೋಷಿಸಿತು. ಆಮೇಲೆ ಶುರುವಾಯ್ತು ಕಾರ್ಡ್ ಎಲ್ಲಿ, ವಿಳಾಸ ಎಲ್ಲಿ, ಆಧಾರ್‌ನಲ್ಲಿ ಹೆಸರು ಯಾಕೆ ಬೇರೆ. ಗಂಡ ಸತ್ತ ಅಂತ ಒಬ್ಬ ಹೆಂಗಸು ಎಷ್ಟು ಕಿಟಕಿ ಮುಂದೆ ಎಷ್ಟು ಸಲ ಹೇಳಬೇಕು? ಪ್ರತಿ ಸಲ ಹೇಳಿ ಬಂದ ರಾತ್ರಿ ಅವಳಿಗೆ ನಿದ್ದೆ ಇರ್ತಿರಲಿಲ್ಲ. ಒಂದು ಕಡೆ ಮಾತ್ರೆ ಕೊಡೋ ಸರ್ಕಾರವೇ ಇನ್ನೊಂದು ಕಿಟಕಿಯಲ್ಲಿ ಕಾಯಿಲೆನೂ ಕೊಡ್ತಿತ್ತು.

ಹಾಗಾದ್ರೆ ನಮ್ಮನ್ನ ಉಳಿಸಿದ್ದು ಏನು? ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ತಿಂಗಳಿಗೆ ತಲೆಗೆ ಐದು ಕೆಜಿ ಉಚಿತ ಧಾನ್ಯ ಉಳಿಸಿತು. ಕಾರ್ಡ್ ಇದ್ದೋರನ್ನ ಮಾತ್ರ. ಮೊದಲ ಅಲೆಯ ನಡುವೆಯೇ, 2020ರ ಜುಲೈನಲ್ಲಿ, ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಬೀದಿಗೆ ಇಳಿಯಬೇಕಾಗಿ ಬಂದ ಆಶಾ ಅಕ್ಕಂದಿರು ಉಳಿಸಿದ್ರು. ಹಾಸ್ಟೆಲ್ ಮುಚ್ಚಿ ಮನೆಗೆ ಬಂದಿದ್ದ ನಮ್ಮ ಹೆಣ್ಣುಮಕ್ಕಳು ಉಳಿಸಿದ್ರು. ಅವರು ಒಂದು ನೋಟ್‌ಬುಕ್ಕಿನಲ್ಲಿ ಸುತ್ತಲ ಲೈನುಗಳ ವಯಸ್ಸಾದೋರು, ಒಂಟಿ ಹೆಂಗಸರ ಪಟ್ಟಿ ಮಾಡಿದ್ರು. ದಿನಾ ಸಂಜೆ ಫೋನು. ಕೇಳ್ತಿದ್ದಿದ್ದು ಎರಡೇ ಪ್ರಶ್ನೆ: "ಊಟ ಆಯ್ತಾ? ರಾತ್ರಿ ನಿದ್ದೆ ಬಂತಾ?" ನಿದ್ದೆ ಬಂದಿಲ್ಲ ಅಂತ ಸತತ ಮೂರು ದಿನ ಹೇಳಿದೋರ ಮನೆಗೆ ಯಾರಾದ್ರೂ ಹೋಗಿ ಬಾಗಿಲಾಚೆ ನಿಂತು ಮಾತಾಡಿಸಿ ಬರೋದು. 2020ರ ಏಪ್ರಿಲ್ 14ರಂದು, ಮೆರವಣಿಗೆ ಇಲ್ಲದ ಮೊದಲ ಜಯಂತಿ, ಇದೇ ಹುಡುಗೀರು ಸ್ಪೀಕರ್ ಫೋನಿನಲ್ಲಿ ಹೋರಾಟದ ಹಾಡು ಹೇಳಿದ್ರು. ಬಾಬಾಸಾಹೇಬರ ಫೋಟೋ ಮುಂದೆ ಒಂದೊಂದು ಮನೇಲಿ ಒಂದೊಂದು ಮೇಣದಬತ್ತಿ. ಅವತ್ತೇ ಬೆಳಿಗ್ಗೆ ಲಾಕ್‌ಡೌನ್ ಮೇ 3ರವರೆಗೆ ಅಂತ ಮುಂದಕ್ಕೆ ಹೋಗಿತ್ತು. ಆದ್ರೂ ಆ ಸಂಜೆ ಯಾರೂ ಒಂಟಿ ಅನ್ನಿಸಲಿಲ್ಲ.

ಇನ್ನೊಂದು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಿಂದ ಗುಡಿಸಲು ಕಿತ್ತು ಓಡಿಸಿದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಹೋರಾಟ ನಿಮಗೆ ನೆನಪಿದೆ. ಆಮೇಲೆ ಅವರಲ್ಲಿ ಬಹಳ ಮಂದಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಸಿಕ್ಕಿತು. ಅಲ್ಲೂ ಕಷ್ಟ ಕಡಿಮೆ ಇರಲಿಲ್ಲ. ಆದ್ರೆ ನಾನು ಹೋದಾಗ ಒಬ್ಬ ಅಜ್ಜಿ ಹೇಳಿದ ಮಾತು ಮರೆಯಲ್ಲ: "ಹೊಟ್ಟೆಗೆ ಕಮ್ಮಿ ಆದ್ರೂ ಪರವಾಗಿಲ್ಲಪ್ಪ, ನಾಳೆ ಯಾರೂ ಬಂದು ಏಳು ಅನ್ನಲ್ಲ." ಆ 'ಏಳು ಅನ್ನಲ್ಲ' ಇದೆಯಲ್ಲ, ಅದಕ್ಕಿಂತ ದೊಡ್ಡ ನಿದ್ದೆ ಮಾತ್ರೆ ನಾನು ನೋಡಿಲ್ಲ.

ಅಂದ್ರೆ ತಡ್ಕೊಳ್ಳೋ ಶಕ್ತಿ ನಮ್ಮ ರಕ್ತದಲ್ಲಿ ಇರೋ ವಸ್ತು ಅಲ್ಲ. ಅದು ಅಕ್ಕಿ, ಕೂಲಿ, ಜೀಪ್, ಹಕ್ಕುಪತ್ರ, ಕೇಳೋರು ಒಬ್ಬರು, ಅಳೋಕೆ ಹನ್ನೊಂದು ದಿನ – ಇವುಗಳಿಂದ ಆಗುತ್ತೆ. ಇವು ಇದ್ದ ಕಡೆ ಜನ ಎದ್ದು ನಿಂತ್ರು. ಇಲ್ಲದ ಕಡೆ ಎಷ್ಟೇ ಗಟ್ಟಿ ಇದ್ದೋರೂ ಬಿದ್ದರು.

ನಮ್ಮ ಸಂಘಟನೆಯ ಗೆಳೆಯರಿಗೂ ಒಂದು ಮಾತು. "ಇದೆಲ್ಲ ವ್ಯವಸ್ಥೆಯ ಕಾಯಿಲೆ, ಮಾತ್ರೆ ಯಾಕೆ?" ಅಂತ ಕೆಲವರು ಕೇಳ್ತೀರಿ. ವ್ಯವಸ್ಥೆ ಬದಲಾಗೋವರೆಗೆ ಚಿಕ್ಕವ್ವ ನಿದ್ದೆ ಇಲ್ಲದೆ ಕಾಯಬೇಕಾ? ಗುಂಡಿ ಯಾರು ತೋಡಿದ್ರು ಅಂತ ಕೇಳೋಣ, ಜೋರಾಗೇ ಕೇಳೋಣ. ಆದ್ರೆ ಬಿದ್ದೋರ ಕಾಲಿಗೆ ಪಟ್ಟಿನೂ ಕಟ್ಟೋಣ. ಮಾತ್ರೆನೂ ಬೇಕು, ಹಕ್ಕುಪತ್ರನೂ ಬೇಕು. ಮತ್ತೆ, ಹೋರಾಟಗಾರರು ಕುಗ್ಗಬಾರದು ಅನ್ನೋ ನಿಯಮ ಯಾರೂ ಬರೆದಿಲ್ಲ. ಎರಡನೇ ಅಲೆಯಲ್ಲಿ ಹೆಣ ಹೊತ್ತ ನಮ್ಮ ಹುಡುಗರಲ್ಲಿ ಕೆಲವರು ಇವತ್ತಿಗೂ ಆಂಬುಲೆನ್ಸ್ ಸದ್ದು ಕೇಳಿದ್ರೆ ಊಟ ಬಿಟ್ಟು ಏಳ್ತಾರೆ. ಅವರನ್ನ ಸನ್ಮಾನಕ್ಕೆ ಕರೆದಿದ್ದೀವಿ, ಶಾಲು ಹೊದಿಸಿದ್ದೀವಿ. ಪಕ್ಕಕ್ಕೆ ಕರೆದು "ನಿದ್ದೆ ಬರುತ್ತಾ?" ಅಂತ ಕೇಳಬೇಕು ಈಗ.

ನಮ್ಮ ಬೇಡಿಕೆ ಸರಳ. ಮನೋವೈದ್ಯರು ಸಂತೆ ದಿನ, ಸಂತೆ ಊರಿಗೆ ಬರಲಿ. ಮನಸ್ಸಿನ ಕಾಯಿಲೆಗೂ, ಮನೆಯ ಸಾವಿಗೂ ತೋಟದಲ್ಲಿ ಕೂಲಿ ಸಹಿತ ರಜೆ ಇರಲಿ. ಪೈಸಾರಿ ಜಾಗದಲ್ಲಿ ಲೈನ್ ಮನೆಯೋರಿಗೆ ನಿವೇಶನ, ಹಕ್ಕುಪತ್ರ ಕೊಡಲಿ. ಹೆಂಗಸರ ಹೆಸರಲ್ಲೇ ಕೊಡಲಿ. ಆಶಾ ಅಕ್ಕಂದಿರಿಗೆ ಬದುಕೋವಷ್ಟು ಸಂಬಳ ಕೊಡಲಿ. ಮುಂದಿನ ತಿಂಗಳ ಸಭೆಯಲ್ಲಿ ಈ ನಾಲ್ಕನ್ನೂ ಮನವಿಯಲ್ಲಿ ಸೇರಿಸೋಣ.

ಇದನ್ನ ಓದ್ತಾ ಇರೋರಲ್ಲಿ ಯಾರಿಗಾದ್ರೂ ಬದುಕು ಬೇಡ ಅನ್ನಿಸ್ತಿದ್ರೆ, ಅಥವಾ ನಿಮ್ಮ ಮನೇಲಿ ಯಾರಾದ್ರೂ ಹಾಗೆ ಅಂದ್ರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡೋಕೆ ಮನಸ್ಸು ಬರದಿದ್ರೆ ನನಗೆ ಮೆಸೇಜ್ ಹಾಕಿ, ಜೊತೆಗೆ ಕೂತು ಮಾಡೋಣ. ನಂಬರ್ ಬರ್ಕೊಳ್ಳಿ, ಫೋನ್ ಇಲ್ಲದ ಲೈನುಗಳ ಗೋಡೆ ಮೇಲೂ ಇದ್ದಿಲಲ್ಲಿ ಬರೀರಿ.

ಜೈ ಭೀಮ್.